ಹೆಸರೊಂದು, ಮನೆ ಹಲವು

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿನಲ್ಲಿ ತುಬಚಿ ಎಂಬ ಗ್ರಾಮವಿದೆ. ಊರಿನ ಹೆಸರೇ ಮನೆತನದ ಅಡ್ಡಹೆಸರಾಗುವುದು ಉತ್ತರ ಕರ್ನಾಟಕದಲ್ಲಿ ಹಿಂದಿನಿಂದ ಬಂದ ರೂಢಿ. ಆ ರೂಢಿಯಂತೆ ತುಬಚಿ ಎಂಬ ಅಡ್ಡಹೆಸರಿನ ಒಂದು ಮನೆತನವಿದೆಯೆಂದೂ, ಅದರ ಅಣ್ಣತಮ್ಮಂದಿರು ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಬೇರೆ ಬೇರೆ ನೆಲೆಸಿದ್ದಾರೆಂದೂ ಭಾವಿಸಬಹುದು. ಮನೆಗಳು ಬೇರೆ, ಒಲೆಗಳು ಬೇರೆ. ಹೆಸರು ಮಾತ್ರ ಒಂದೇ. ಗಣಕಯಂತ್ರದ ಕ್ರಮವಿಧಿಗಳಲ್ಲಿಯೂ ಇಂಥ ಏರ್ಪಾಡು ಉಂಟು.

ಗಿಡೊ ವಾನ್ ರೋಸಮ್ ಎಂಬ ಡಚ್ ತಜ್ಞರು ರೂಪಿಸಿದ ಪೈಥಾನ್ ಭಾಷೆಯು 1991ರಲ್ಲಿ ಮೊದಲಿಗೆ ಬಳಕೆಗೆ ಬಂದಿತು. ಅದರಲ್ಲಿ ಕ್ರಮವಿಧಿಯ ಕಡತಗಳನ್ನು ಕೂಡಿಸಿಟ್ಟ ಕೋಶಕ್ಕೆ ಪ್ಯಾಕೇಜು ಎಂದು ಹೆಸರು. ಮೊದಲು ಇಂಥ ಕೋಶದಲ್ಲಿ ‘ಇನಿಟ್’ ಎಂಬ ಗುರುತಿನ ಕಡತವೊಂದು ಇರಬೇಕಾಗಿತ್ತು. ಅದು ಬಾಗಿಲ ಮೇಲಿನ ನಾಮಫಲಕವಿದ್ದಂತೆ. 2012ರಲ್ಲಿ ಹೊರಬಂದ 3.3ನೆಯ ಆವೃತ್ತಿಯು ಫಲಕವಿಲ್ಲದ ಕೋಶಗಳನ್ನೂ ಅಂಗೀಕರಿಸಿತು. ಹಲವು ಸ್ಥಳಗಳಲ್ಲಿ ಒಂದೇ ಹೆಸರಿನ ಕೋಶಗಳಿದ್ದರೆ ಅವನ್ನೆಲ್ಲ ಒಂದೇ ಪ್ಯಾಕೇಜೆಂದು ಅದು ಎಣಿಸುತ್ತದೆ. ಇದೇ ನೇಮ್‌ಸ್ಪೇಸ್ ಪ್ಯಾಕೇಜು. ಇದರಿಂದ ಬೇರೆ ಬೇರೆ ತಂಡಗಳು ಒಂದೇ ಹೆಸರಿನಡಿಯಲ್ಲಿ ತಮ್ಮ ತಮ್ಮ ಭಾಗವನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ ಹಂಚಲು ಸಾಧ್ಯವಾಯಿತು.

ಹಂಚುವ ಮೊದಲು ಕೋಶಗಳನ್ನು ಆರಿಸಿ ಕಟ್ಟು ಕಟ್ಟಬೇಕು. ಸೆಟಪ್‌ಟೂಲ್ಸ್ ಎಂಬ ಸಾಧನವು ಆ ಕೆಲಸವನ್ನು ಮಾಡುತ್ತದೆ. ಅದನ್ನು ಲಗ್ನಪತ್ರಿಕೆ ಹಂಚಲು ಹೊರಟವನಿಗೆ ಹೋಲಿಸಬಹುದು. ನಾಮಫಲಕವಿರುವ ಮನೆಗೆ ಮಾತ್ರ ಹೋಗೆಂದು ಅವನಿಗೆ ಹೇಳಿ ಕಳುಹಿಸಿದರೆ, ಫಲಕವಿಲ್ಲದ ಬಂಧುಗಳ ಮನೆ ಉಳಿದುಹೋಗುತ್ತದೆ. ಹಳೆಯ ಶೋಧನ ವಿಧಾನದ ಕೊರತೆ ಇದೇ ಆಗಿತ್ತು. ಕಟ್ಟಿದವನಿಗೆ ಈ ಲೋಪ ಕಾಣಿಸದೆಯೂ ಹೋಗಬಹುದು. ಏಕೆಂದರೆ ಅವನ ಯಂತ್ರದಲ್ಲಿ ಎಲ್ಲ ಕೋಶಗಳೂ ಇದ್ದೇ ಇರುತ್ತವೆ. ದೂರದಲ್ಲಿ ಕಟ್ಟು ಬಿಚ್ಚಿದ ಬಳಕೆದಾರನ ಕೆಲಸ ಮಾತ್ರ ನಡುವೆಯೇ ನಿಂತುಹೋಗುತ್ತದೆ.

ಈ ಕೊರತೆಯನ್ನು ನೀಗಲು 2018ರಲ್ಲಿ ಹೊಸ ಶೋಧನ ವಿಧಾನವೊಂದು ಸೇರಿತು. ಅದು ಫಲಕವನ್ನು ನೋಡದೆ ಪ್ರತಿಯೊಂದು ಬಾಗಿಲನ್ನೂ ತಟ್ಟುತ್ತದೆ. ಆದರೆ ಎಲ್ಲ ಬಾಗಿಲನ್ನೂ ತಟ್ಟುವವನು ದನದ ಕೊಟ್ಟಿಗೆಗೂ ಪತ್ರಿಕೆ ಕೊಟ್ಟು ಬರುವನು! ಹಾಗೆಯೇ ಪರೀಕ್ಷೆಯ ಕಡತಗಳೂ ಟಿಪ್ಪಣಿಗಳೂ ಇರುವ ಕೋಶಗಳು ಕಟ್ಟಿನೊಳಗೆ ಸೇರಿಬಿಡಬಹುದು. ಆದುದರಿಂದ ಹುಡುಕಾಟಕ್ಕೆ ಒಂದು ಎಲ್ಲೆ ಬೇಕು. ಹಂಚತಕ್ಕ ಕೋಶಗಳನ್ನೆಲ್ಲ ‘ಎಸ್‌ಆರ್‌ಸಿ’ ಎಂಬ ಒಂದೇ ಕೋಶದಲ್ಲಿಟ್ಟು, ಅದರೊಳಗೆ ಮಾತ್ರ ಹುಡುಕುವಂತೆ ಮಾಡುವುದು ಒಳ್ಳೆಯ ಪದ್ಧತಿ. 2022ರಲ್ಲಿ ಬಂದ 61ನೆಯ ಆವೃತ್ತಿಯಿಂದ, ಈ ವಿನ್ಯಾಸವಿದ್ದರೆ ಸಾಧನವು ತಾನಾಗಿಯೇ ಪ್ಯಾಕೇಜುಗಳನ್ನು ಕಂಡುಕೊಳ್ಳುತ್ತದೆ. ಇಂಥ ಕೋಶವಿಲ್ಲದ ಬಯಲು ವಿನ್ಯಾಸದಲ್ಲಿ ಮೇಲುಹಂತದ ಪ್ಯಾಕೇಜುಗಳು ಒಂದಕ್ಕಿಂತ ಹೆಚ್ಚು ಕಂಡರೆ, ಅದು ಊಹೆ ಮಾಡದೆ ತಪ್ಪನ್ನು ತಿಳಿಸಿ ನಿಂತುಬಿಡುತ್ತದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಬೇರೆ ಬೇರೆ ಸ್ಥಳಗಳಲ್ಲಿರುವ ಭಾಗಗಳ ಪೈಕಿ ಒಂದರಲ್ಲಿ, ಎಲ್ಲರಿಗೂ ಸೇರಿದ ಹೆಸರಿನ ಕೋಶದೊಳಗೆ ಯಾರಾದರೂ ‘ಇನಿಟ್’ ಕಡತವನ್ನಿಟ್ಟರೆ, ಪೈಥಾನ್ ಅದನ್ನೇ ಇಡೀ ಪ್ಯಾಕೇಜೆಂದು ತಿಳಿಯುತ್ತದೆ. ಉಳಿದ ಭಾಗಗಳು ಕಾಣದಾಗುತ್ತವೆ. ಒಬ್ಬ ತಮ್ಮನು ತನ್ನ ಬಾಗಿಲಿಗೆ ‘ಇಡೀ ಮನೆತನ ಇಲ್ಲಿಯೇ’ ಎಂಬ ಫಲಕವನ್ನು ತೂಗುಹಾಕಿದಂತೆ ಇದು.

ಯಂತ್ರವು ಹುಡುಕಿಕೊಡುತ್ತದೆಂದು ಮನುಷ್ಯನು ಕಣ್ಣು ಮುಚ್ಚಿ ಕುಳಿತುಕೊಳ್ಳುವಂತಿಲ್ಲ. ಕಟ್ಟನ್ನು ಕಳುಹಿಸುವ ಮುನ್ನ ಬಿಚ್ಚಿ ನೋಡಬೇಕು. ಏನೂ ಇಲ್ಲದ ಬೇರೊಂದು ಸ್ಥಳದಲ್ಲಿ ಅದನ್ನು ಅಳವಡಿಸಿ ನಡೆಸಿ ನೋಡಬೇಕು. ಹೆಸರನ್ನು ಹಂಚಿಕೊಂಡವರು ಹೊಣೆಯನ್ನೂ ಹಂಚಿಕೊಂಡಾಗಲೇ ಮನೆತನ ನಿಲ್ಲುತ್ತದೆ.