ಕೌಂಟರಿನ ಈಚೆ ಕೂತವನ ಗೃಹ ಸಾಲದ ಪಾಠಗಳು

ಬ್ಯಾಂಕಿನಲ್ಲಿ ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ಸಾಲದ ವಿಭಾಗದಲ್ಲೇ. ಮನೆ ಸಾಲ ಮಂಜೂರು ಮಾಡಿದ್ದೇನೆ, ನನ್ನದೇ ಸಾಲವನ್ನು ಅವಧಿಗೆ ಮುಂಚೆ ತೀರಿಸಿಯೂ ಇದ್ದೇನೆ. ಬೇಗ ಸಾಲ ಮುಗಿಸಿ ಪತ್ರ ತಗೊಂಡು ಹೋದವರೆಲ್ಲ ದೊಡ್ಡ ಸಂಬಳದವರೇನಲ್ಲ. ಹೆಚ್ಚುವರಿ ಹಣವನ್ನು ಯಾವಾಗ ಕಟ್ಟಬೇಕು, ಕಟ್ಟಿದ್ದು ಎಲ್ಲಿಗೆ ಹೋಗಿ ಸೇರಬೇಕು ಎಂಬ ಎರಡೇ ಸಂಗತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಲೆಕ್ಕಗಳಿಗೆ ಹೆಚ್ಚುಕಡಿಮೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 50 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ, ತಿಂಗಳ ಕಂತು 43,391 ರೂಪಾಯಿ.

1. ಮೊದಲ ವರ್ಷದ ಸ್ಟೇಟ್‌ಮೆಂಟನ್ನು ಕೂತು ಓದಿ

ಮೊದಲ ತಿಂಗಳ ಕಂತಿನಲ್ಲಿ 35,417 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 7,974 ಮಾತ್ರ. ವರ್ಷವಿಡೀ 5.20 ಲಕ್ಷ ಕಟ್ಟಿದ ಮೇಲೆ ಅಸಲು ಇಳಿದಿರುವುದು ಸುಮಾರು 99,500. ಇದನ್ನು ನೋಡಿ ಬ್ಯಾಂಕಿನವರು ಮೋಸ ಮಾಡಿದರು ಎಂದು ಜಗಳಕ್ಕೆ ಬಂದವರಿದ್ದಾರೆ. ಮೋಸವೇನೂ ಇಲ್ಲ. ಬಡ್ಡಿ ಬೀಳುವುದು ಬಾಕಿಯ ಮೇಲೆ. ಬಾಕಿ ದೊಡ್ಡದಿರುವಾಗ ಬಡ್ಡಿಯೂ ದೊಡ್ಡದೇ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮೊದಲ ವರ್ಷದ ಕೊನೆಗೆ ಕೈಯಿಂದ ಒಂದು ಲಕ್ಷವನ್ನು ಅಸಲಿಗೆಂದು ಕಟ್ಟಿದರೆ, ಹನ್ನೆರಡು ಕಂತು ಮಾಡಿದ ಕೆಲಸವನ್ನು ಅದೊಂದೇ ಮಾಡಿಬಿಡುತ್ತದೆ. ಸಾಲದ ಬಾಲದಲ್ಲಿ 11 ಕಂತುಗಳು ಉದುರುತ್ತವೆ, ಅಂದರೆ ಸುಮಾರು 4.8 ಲಕ್ಷ ರೂಪಾಯಿ. ಅದೇ ಒಂದು ಲಕ್ಷವನ್ನು 15ನೇ ವರ್ಷದ ಕೊನೆಗೆ ಕಟ್ಟಿದರೆ ಉದುರುವುದು ಮೂರೂವರೆ ಕಂತು. ಅಷ್ಟು ಹೊತ್ತಿಗೆ ಒಟ್ಟು 54 ಲಕ್ಷ ಬಡ್ಡಿಯಲ್ಲಿ 49 ಲಕ್ಷ ಕಟ್ಟಿ ಆಗಿರುತ್ತದೆ. "ರಿಟೈರ್ ಆದಾಗ ಗ್ರಾಚ್ಯುಟಿ ಬರತ್ತಲ್ಲ ಸಾರ್, ಒಟ್ಟಿಗೇ ಹೊಡೆದುಬಿಡ್ತೀನಿ" ಎನ್ನುವವರಿಗೆ ಈ ಅಂಕಿಗಳನ್ನು ವೋಚರಿನ ಹಿಂದೆ ಬರೆದು ತೋರಿಸುತ್ತಿದ್ದೆ. ಗ್ರಾಚ್ಯುಟಿ ಬರುವ ಹೊತ್ತಿಗೆ ಉಳಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

2. ಕಂತು ಹಾಗೇ ಇರಲಿ, ಅವಧಿ ಇಳಿಯಲಿ

ಹೈಸ್ಕೂಲು ಮೇಷ್ಟ್ರೊಬ್ಬರು ಅರಿಯರ್ಸ್ ಬಂದ ವಾರವೇ ಒಂದು ಲಕ್ಷದ ಚೆಕ್ ತಂದು ಮೇಜಿನ ಮೇಲಿಟ್ಟರು. ಅವರ ಮೊದಲ ಪ್ರಶ್ನೆ: "ಮುಂದಿನ ತಿಂಗಳಿಂದ ಇಎಂಐ ಎಷ್ಟು ಕಮ್ಮಿ ಆಗತ್ತೆ ಸಾರ್?" ಹತ್ತರಲ್ಲಿ ಎಂಟು ಜನ ಇದನ್ನೇ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಒಂದು ವರ್ಷವಾದ ಮೇಲೆ ಲಕ್ಷ ಕಟ್ಟಿ ಕಂತು ಇಳಿಸಿಕೊಂಡರೆ ತಿಂಗಳಿಗೆ 885 ರೂಪಾಯಿ ಕಮ್ಮಿಯಾಗುತ್ತದೆ. ಉಳಿದ 228 ತಿಂಗಳಿಗೆ ಲೆಕ್ಕ ಹಾಕಿದರೆ ಎರಡು ಲಕ್ಷ. ಕಂತನ್ನು ಮುಟ್ಟದೆ ಅವಧಿ ಇಳಿಸಿಕೊಂಡರೆ ಆಗಲೇ ಹೇಳಿದ 4.8 ಲಕ್ಷ. ಕಟ್ಟುವ ಹಣ ಒಂದೇ, ಅರ್ಜಿಯಲ್ಲಿ ಬರೆಯುವ ಒಂದು ಸಾಲಿನ ವ್ಯತ್ಯಾಸ.

ಆ ಸಾಲನ್ನು ಬಾಯಲ್ಲಿ ಹೇಳಿದರೆ ಸಾಲದು. "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಇಎಂಐ ಬದಲಿಸದೆ ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೆಲಸ ಹೋಗುವ ಸೂಚನೆ ಇದ್ದವರು, ಮನೆಯಲ್ಲಿ ಕಾಯಿಲೆ ಇದ್ದವರು ಕಂತು ಇಳಿಸಿಕೊಂಡರೆ ತಪ್ಪೇನಿಲ್ಲ. ಉಸಿರಾಡುವುದಕ್ಕೆ ಜಾಗ ಬೇಕಾದಾಗ ಬಡ್ಡಿಯ ಲೆಕ್ಕ ಎರಡನೆಯದು.

3. ಕಟ್ಟಿದ ಹಣ ಎಲ್ಲಿ ಬಿತ್ತು ಎಂದು ನೋಡಿ

ಸಾಲದ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಅಸಲು ಕರಗಿತು ಎಂದಲ್ಲ. ಕೆಲವು ಸಾಲದಾತರಲ್ಲಿ ಅದು ಮುಂಗಡ ಕಂತು ಎಂದು ಕೂತಿರುತ್ತದೆ. ಮುಂದಿನ ತಿಂಗಳ ಕಂತುಗಳು ಅದರಿಂದಲೇ ಕಡಿತವಾಗುತ್ತವೆ, ಅವಧಿ ಒಂದು ದಿನವೂ ಇಳಿಯುವುದಿಲ್ಲ. ಆ್ಯಪ್‌ನಲ್ಲಿ ಕಟ್ಟುವಾಗ 'ಪಾರ್ಟ್ ಪೇಮೆಂಟ್' ಎನ್ನುವ ಆಯ್ಕೆ ಬೇರೆ, 'ಇಎಂಐ ಪಾವತಿ' ಬೇರೆ. ಒಂದು ವಾರ ಬಿಟ್ಟು ಸ್ಟೇಟ್‌ಮೆಂಟ್ ತೆಗೆಸಿ, ಬಾಕಿ ಅಸಲಿನ ಅಂಕಿ ಅಷ್ಟು ಇಳಿದಿದೆಯೇ, ಕೊನೆಯ ಕಂತಿನ ತಿಂಗಳು ಹಿಂದಕ್ಕೆ ಸರಿದಿದೆಯೇ ನೋಡಿ.

ಬಡ್ಡಿಯನ್ನು ದಿನದ ಬಾಕಿಯ ಮೇಲೆ ಹಾಕುವ ಬ್ಯಾಂಕಿನಲ್ಲಿ ಹಣ ಕೈಗೆ ಬಂದ ದಿನವೇ ಕಟ್ಟುವುದು ಲಾಭ. ವರ್ಷಕ್ಕೊಮ್ಮೆ ಬಾಕಿ ಲೆಕ್ಕ ಹಾಕುವ ಹಳೆಯ ಪದ್ಧತಿಯ ಸಾಲವಾದರೆ ಆ ಲೆಕ್ಕದ ದಿನಕ್ಕೆ ಸ್ವಲ್ಪ ಮುಂಚೆ ಕಟ್ಟಬೇಕು. ನಿಮ್ಮದು ಯಾವುದು ಎಂದು ಸಾಲದ ಕರಾರಿನಲ್ಲೇ ಇರುತ್ತದೆ.

4. ದಂಡದ ಭಯ ಬಿಡಿ

ಮುಂಚೆ ಕಟ್ಟಿದರೆ ಪೆನಾಲ್ಟಿ ಬೀಳುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಬದಲಾಗುವ ಬಡ್ಡಿ ದರದ, ಅಂದರೆ ಫ್ಲೋಟಿಂಗ್ ದರದ ಗೃಹ ಸಾಲಕ್ಕೆ ವೈಯಕ್ತಿಕ ಸಾಲಗಾರರಿಂದ ಇಂಥ ಶುಲ್ಕ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಹೇಳಿಯಾಗಿದೆ. ಫಿಕ್ಸೆಡ್ ದರದ ಸಾಲದ ಕತೆ ಬೇರೆ, ಮಂಜೂರಾತಿ ಪತ್ರ ತೆಗೆದು ಓದಿ.

5. ಬಡ್ಡಿ ದರ ಏರಿದ ತಿಂಗಳು ಸುಮ್ಮನೆ ಕೂರಬೇಡಿ

2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4ರಿಂದ ಶೇ 6.5ಕ್ಕೆ ಏರಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಗೃಹ ಸಾಲಗಳೆಲ್ಲ ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊಗೇ, ಜೋಡಣೆಯಾಗಿದ್ದವು. ಹಾಗಾಗಿ ಏಟು ನೇರವಾಗಿ ಬಿತ್ತು. ಶೇ 7ರಲ್ಲಿ 20 ವರ್ಷಕ್ಕೆ 50 ಲಕ್ಷ ತೆಗೆದವರ ಕಂತು 38,765 ರೂಪಾಯಿ. ಸಾಲದ ಆರಂಭದಲ್ಲೇ ದರ ಶೇ 9 ಆದರೆ ತಿಂಗಳ ಬಡ್ಡಿಯೇ 37,500. ಕಂತು ಅಷ್ಟೇ ಇರಲಿ ಎಂದು ಬಿಟ್ಟರೆ ಸಾಲ ತೀರುವುದಕ್ಕೆ 38 ವರ್ಷ ಬೇಕು. ಕಂತು ಏರಲಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದವರ ಖಾತೆಗಳಲ್ಲಿ ಸದ್ದಿಲ್ಲದೆ ನಡೆದದ್ದು ಇದೇ. ತಮ್ಮ ಸಾಲ ನಿವೃತ್ತಿಯ ಆಚೆಗೆ ದಾಟಿದ್ದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ಕಟ್ಟಳೆ ತಂದಿತು. ದರ ಬದಲಾದಾಗ ಕಂತು ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ, ಎರಡೂ ಸೇರಿಸುವುದೋ ಎಂದು ಸಾಲಗಾರನನ್ನು ಕೇಳಬೇಕು. ಮೂರು ತಿಂಗಳಿಗೊಮ್ಮೆ ಕಟ್ಟಿದ ಅಸಲು, ಬಡ್ಡಿ, ಉಳಿದ ಕಂತುಗಳ ವಿವರ ಕೊಡಬೇಕು. ಆ ಕಾಗದವನ್ನು ಓದದೆ ಎಸೆಯಬೇಡಿ. ದರ ಇಳಿದಾಗಲೂ ಎಚ್ಚರ ಬೇಕು. 2025ರಲ್ಲಿ ರೆಪೊ ಹಂತ ಹಂತವಾಗಿ ಶೇ 5.25ಕ್ಕೆ ಇಳಿಯಿತು. ಆಗ ಕಂತು ಕಡಿಮೆ ಮಾಡಿಸಿಕೊಂಡವರಿಗಿಂತ ಹಳೆಯ ಕಂತನ್ನೇ ಕಟ್ಟುತ್ತ ಹೋದವರು ಜಾಣರು. ಜೇಬಿಗೆ ಅಭ್ಯಾಸವಾಗಿದ್ದ ಖರ್ಚು, ಹೊಸದಾಗಿ ಏನೂ ನೋಯುವುದಿಲ್ಲ.

ಇನ್ನು ಬ್ಯಾಂಕು ತಾನೇ ನಿಗದಿ ಮಾಡುವ ಎಂಸಿಎಲ್‌ಆರ್ ಅಥವಾ ಅದಕ್ಕೂ ಹಿಂದಿನ ಬೇಸ್ ರೇಟ್ ಸಾಲ ಇಟ್ಟುಕೊಂಡವರು ಒಂದು ರೂಪಾಯಿ ಹೆಚ್ಚಿಗೆ ಕಟ್ಟುವ ಮುಂಚೆ, ಹೊಸ ದರಕ್ಕೆ ಬದಲಿಸಿಕೊಡಿ ಎಂದು ಅರ್ಜಿ ಕೊಡಬೇಕು. ಬ್ಯಾಂಕು ತಾನಾಗಿ ಕರೆದು ಬದಲಿಸುವುದಿಲ್ಲ.

6. ಹಣ ಎಲ್ಲಿಂದ ತರಬಾರದು ಎನ್ನುವುದು ಮುಖ್ಯ

ಸಂಬಳ ಏರಿದಾಗಲೆಲ್ಲ ಕಂತನ್ನೂ ಏರಿಸುವುದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ. ವರ್ಷಕ್ಕೆ ಶೇ 5ರಂತೆ ಏರಿಸಿದರೆ ನಮ್ಮ 20 ವರ್ಷದ ಸಾಲ ಹನ್ನೆರಡು ವರ್ಷ ಚಿಲ್ಲರೆಗೆ ಮುಗಿಯುತ್ತದೆ. ಕೊನೆಗೆ ಕಂತು 77 ಸಾವಿರ ದಾಟಿರುತ್ತದೆ ಎಂಬುದನ್ನೂ ಹೇಳಬೇಕು. ಸಂಬಳ ಏರದವರಿಗೆ ಇದು ಆಗದ ಮಾತು. ಅಂಥವರು ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಲಿ. ಬೋನಸ್ಸೋ, ತೋಟದ ಫಸಲೋ, ಎತ್ತಿದ ಚೀಟಿಯೋ, ಯಾವುದಾದರೂ ಸರಿ. ಮೂರು ವರ್ಷಕ್ಕೂ ಹೆಚ್ಚು ಉಳಿಯುತ್ತದೆ.

ಆದರೆ ಪಿಎಫ್‌ಗೆ ಕೈ ಹಾಕಬೇಡಿ. 2024–25ಕ್ಕೆ ಅದರ ಬಡ್ಡಿ ಶೇ 8.25, ಶೇ 8.5ರ ಸಾಲ ತೀರಿಸಲು ಅದನ್ನು ಒಡೆಯುವುದರಲ್ಲಿ ಅರ್ಥವಿಲ್ಲ. ಒಡವೆ ಅಡವಿಟ್ಟು ಮನೆ ಸಾಲಕ್ಕೆ ಕಟ್ಟುವುದು ಇನ್ನೂ ವಿಚಿತ್ರ, ಅದನ್ನೂ ನೋಡಿದ್ದೇನೆ. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ಇದ್ದರೆ ಮೊದಲು ಅವು ಹೋಗಲಿ. ಮನೆ ಸಾಲ ಇವೆಲ್ಲಕ್ಕಿಂತ ಅಗ್ಗದ ಸಾಲ. ಆರು ತಿಂಗಳ ಕಂತಿನಷ್ಟು ಹಣ ಪಕ್ಕಕ್ಕಿಡದೆ ಹೆಚ್ಚುವರಿ ಕಟ್ಟಲು ಹೊರಡಲೂಬೇಡಿ. ಸಾಲಕ್ಕೆ ಕಟ್ಟಿದ ಹಣ ಬೇಕೆಂದಾಗ ವಾಪಸು ಬರುವುದಿಲ್ಲ, ಟಾಪ್‌ಅಪ್ ಸಾಲ ಎಂದರೆ ಮತ್ತೆ ಸಂಬಳದ ಚೀಟಿ, ಮತ್ತೆ ಸಹಿ. ಓವರ್‌ಡ್ರಾಫ್ಟ್ ಜೋಡಿಸಿದ ಗೃಹ ಸಾಲದಲ್ಲಿ ಈ ತೊಂದರೆ ಇಲ್ಲ, ಆದರೆ ಬಡ್ಡಿ ಸಾಮಾನ್ಯವಾಗಿ ತುಸು ಹೆಚ್ಚು.

ಅದೇ ಬ್ರ್ಯಾಂಚಿನಲ್ಲಿ ಶೇ 6.5ಕ್ಕೆ ಎಫ್‌ಡಿ ಇಟ್ಟು, ಅದರ ಬಡ್ಡಿಗೆ ತೆರಿಗೆಯನ್ನೂ ಕಟ್ಟಿ, ಶೇ 8.5ಕ್ಕೆ ಸಾಲ ಉಳಿಸಿಕೊಂಡವರು ಬಹಳ ಇದ್ದರು. ನಮಗೆ ಅಂಥ ಗ್ರಾಹಕರೆಂದರೆ ವಿಶೇಷ ಪ್ರೀತಿ. ಕಾಫಿ ತರಿಸುತ್ತಿದ್ದೆವು.

7. ತೆರಿಗೆ ಉಳಿಸಲು ಸಾಲ ಇಟ್ಟುಕೊಳ್ಳಬೇಡಿ

ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 62,400 ರೂಪಾಯಿ ಉಳಿತಾಯ. ಅದಕ್ಕಾಗಿ ಮೊದಲ ವರ್ಷ ಕಟ್ಟುವ ಬಡ್ಡಿ 4.2 ಲಕ್ಷ. ಹೊಸ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೂ ಇಲ್ಲ.

8. ಕೊನೆಯ ಕಂತಿನ ನಂತರವೇ ಕಾಗದದ ಕೆಲಸ ಶುರು

ಸಾಲ ಚುಕ್ತಾ ಆದ ಖುಷಿಯಲ್ಲಿ ನೋ ಡ್ಯೂ ಸರ್ಟಿಫಿಕೇಟ್ ಹಿಡಿದು ಮನೆಗೆ ಹೋದವರು ವರ್ಷಗಳ ನಂತರ, ಮನೆ ಮಾರುವಾಗಲೋ ಮಗಳ ಓದಿಗೆ ಸಾಲ ಕೇಳುವಾಗಲೋ, ಓಡಿ ಬರುತ್ತಾರೆ. ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೊಟ್ಟಾಗ ರಸೀದಿಗೆ ತಕ್ಷಣ ಸಹಿ ಹಾಕಬೇಡಿ. ಸಾಲ ಪಡೆಯುವಾಗ ಕೊಟ್ಟ ಪತ್ರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕ್ರಯಪತ್ರ, ಹಿಂದಿನ ಮಾಲೀಕರ ಪತ್ರಗಳು, ಖಾತಾ, ಕಂದಾಯ ರಸೀದಿ, ಮಂಜೂರಾದ ಪ್ಲ್ಯಾನ್ ಎಂದು ಒಂದೊಂದಾಗಿ ಟಿಕ್ ಹಾಕಿ. ಕ್ರಯಪತ್ರದ ಹಾಳೆಗಳನ್ನೂ ಎಣಿಸಿ. ಮಧ್ಯದ ಷೆಡ್ಯೂಲ್ ಹಾಳೆ ಇಲ್ಲದ್ದು ಮನೆಗೆ ಹೋದ ಮೇಲೆ ಗೊತ್ತಾದರೆ ಅದು ಎಲ್ಲಿ ಕಳೆಯಿತೆಂದು ಸಾಬೀತು ಮಾಡುವುದು ಕಷ್ಟ.

ಸಾಲ ಕೊಡುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಪತ್ರ ಠೇವಣಿಯ ಕರಾರು ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಬ್ಯಾಂಕಿನ ಅಧಿಕಾರಿ ಬಂದು ಸಹಿ ಹಾಕಬೇಕಾದ್ದರಿಂದ ಪತ್ರ ತೆಗೆದುಕೊಳ್ಳುವ ದಿನವೇ ತಾರೀಖು ಗೊತ್ತು ಮಾಡಿಕೊಳ್ಳಿ. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿರುವ ಅಡಮಾನವನ್ನು ತೆಗೆಸುವುದು, ಸಿಬಿಲ್‌ನಲ್ಲಿ ಖಾತೆ ಮುಚ್ಚಿದೆ ಎಂದು ತೋರಿಸುವುದು ಬ್ಯಾಂಕಿನ ಕೆಲಸ, ಆದರೆ ಆಗಿದೆಯೇ ಎಂದು ನೋಡುವುದು ನಿಮ್ಮದು. ಕಂತು ಕಡಿತದ ಆದೇಶ ರದ್ದು ಮಾಡಿಸಿ, ಉಳಿದ ಚೆಕ್ ವಾಪಸು ಪಡೆಯಿರಿ. ಸಾಲದ ಜತೆ ವಿಮೆ ಮಾಡಿಸಿದ್ದರೆ ಉಳಿದ ಅವಧಿಯ ಹಣ ಬರುತ್ತದೆಯೇ ಕೇಳಿ. ಇದೆಲ್ಲ ಆದ ಒಂದೆರಡು ತಿಂಗಳಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೊಸ ಋಣಭಾರ ಪತ್ರ (ಇ.ಸಿ.) ತೆಗೆಸಿ. ಅಡಮಾನದ ಹಳೆಯ ನಮೂದು ಅಳಿಸಿಹೋಗಿರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಅದರ ನಂತರದ ತಾರೀಖಿನಲ್ಲಿ ಬಿಡುಗಡೆಯ ನಮೂದು ಇದ್ದರೆ ಸಾಕು.