ಗಡಿಯ ಎರಡು ಕಡೆಯವರಿಗೆ ಒಂದೇ ಹಣದ ಚೀಲ

ಗ್ರಾಂಟು ಎಂಬ ಮಾತು ನಮ್ಮ ಹಳ್ಳಿಗಳ ಸಭೆಯವರಿಗೆ ಹೊಸದಲ್ಲ. ಶಾಲೆಗೆ ಸರಕಾರದಿಂದ ಬರುವ ಸಹಾಯದ್ರವ್ಯವನ್ನು ಹಾಗೆ ಕರೆಯುತ್ತೇವೆ. ಅದನ್ನು ಬೇಡುವವನು ಒಬ್ಬನು, ಕೊಡುವವನು ಒಬ್ಬನು; ಲೆಕ್ಕ ಒಪ್ಪಿಸಿದ ಮೇಲೆ ವ್ಯವಹಾರವು ತೀರಿತು. ಆದರೆ ಒಬ್ಬನೇ ಹೋಗಿ ಕೇಳಿದರೆ ದೊರೆಯದಂಥ ಗ್ರಾಂಟುಗಳೂ ಉಂಟು. ಗಡಿಯ ಆಚೆಯವನನ್ನು ಜೊತೆಗೆ ಕರಕೊಂಡು ಬಂದರೇನೇ ಅವುಗಳ ಬಾಗಿಲು ತೆರೆಯುವದು. ಆ ಆಚೆಯವನು ನಿನ್ನೆಯ ವರೆಗೆ ವೈರಿಯಾಗಿದ್ದರೆ ಏನು ಮಾಡಬೇಕು? ಐರ್ಲಂಡ್ ದ್ವೀಪದಲ್ಲಿ ನಡೆದ ಸಂಗತಿಯನ್ನು ತೆಗೆದುಕೊಂಡು ಇದನ್ನು ವಿಚಾರಿಸೋಣ. ಅಲ್ಲಿಯ ವ್ಯಾಜ್ಯದಲ್ಲಿ ಪ್ರೊಟೆಸ್ಟಂಟರೆಂಬ ಹೆಸರು ಸೇರಿರುವದರಿಂದ ಇದು ನಮಗೆ ಕೇವಲ ಪರದೇಶದ ವರ್ತಮಾನವಲ್ಲ.

1921ರಲ್ಲಿ ಆ ದ್ವೀಪವು ಎರಡಾಗಿ ಭಾಗಿಸಲ್ಪಟ್ಟಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನಿನ ಕೈಕೆಳಗೆ ಉಳಿದವು. ಮಿಕ್ಕ ಭಾಗವು ಸ್ವತಂತ್ರ ರಾಜ್ಯವಾಯಿತು. ಉತ್ತರದಲ್ಲಿ ಆಗ ಹೆಚ್ಚು ಮಂದಿಯಾಗಿದ್ದ ಪ್ರೊಟೆಸ್ಟಂಟರು ಬ್ರಿಟನಿನೊಂದಿಗೇ ಇರಬೇಕೆಂದರು. ರೋಮನ್ ಕಥೋಲಿಕರಲ್ಲಿ ಬಹುಮಂದಿ ದಕ್ಷಿಣದೊಂದಿಗೆ ಕೂಡಬೇಕೆಂದರು. 1969ರಿಂದ 1998ರ ವರೆಗೆ ನಡೆದ ಕಲಹದಲ್ಲಿ 3500ಕ್ಕೂ ಹೆಚ್ಚು ಜನರು ಸತ್ತರು. ಸುಮಾರು 500 ಕಿಲೋಮೀಟರು ಉದ್ದದ ಗಡಿಯು ಹೊಲಗದ್ದೆಗಳ ನಡುವೆ ಹಾದುಹೋಗುವದು. ಅದನ್ನು ದಾಟುವ ಅನೇಕ ಸಣ್ಣ ದಾರಿಗಳನ್ನು ಸೈನ್ಯದವರು ಮುಚ್ಚಿಬಿಟ್ಟಿದ್ದರಿಂದ, ಕೂಗಿದರೆ ಕೇಳುವಷ್ಟು ಹತ್ತಿರ ಇದ್ದವರೂ ಒಬ್ಬರನ್ನೊಬ್ಬರು ಕಾಣಬೇಕಾದರೆ ಸುತ್ತುದಾರಿ ಹಿಡಿಯಬೇಕಾಯಿತು.

1985ರಲ್ಲಿ ಬ್ರಿಟನಿನ ಸರಕಾರವೂ ಐರ್ಲಂಡಿನ ಸರಕಾರವೂ ಒಂದು ಒಡಂಬಡಿಕೆ ಮಾಡಿಕೊಂಡವು. ಮರುವರುಷ, ಅಂದರೆ 1986ರಲ್ಲಿ, ಐರ್ಲಂಡಿಗಾಗಿ ಅಂತರರಾಷ್ಟ್ರೀಯ ನಿಧಿ ಎಂಬದು ಸ್ಥಾಪಿಸಲ್ಪಟ್ಟಿತು. ಅಮೇರಿಕ, ಕೆನಡ, ನ್ಯೂಜೀಲಂಡ್, ಆಸ್ಟ್ರೇಲಿಯ ಎಂಬ ದೇಶಗಳೂ ಯೂರೋಪಿನ ಒಕ್ಕೂಟವೂ ಕಾಲಕಾಲಕ್ಕೆ ಅದಕ್ಕೆ ಹಣ ಹಾಕುತ್ತಾ ಬಂದವು. ಉತ್ತರದ ಆರು ಜಿಲ್ಲೆಗಳಲ್ಲಿಯೂ ದಕ್ಷಿಣದ ಗಡಿಜಿಲ್ಲೆಗಳಾದ ಆರರಲ್ಲಿಯೂ ಇರುವ ಸಂಘಗಳು ಇದರಿಂದ ಸಹಾಯ ಹೊಂದಬಹುದಾಗಿತ್ತು. ಆದರೆ ಉತ್ತರದ ಪ್ರೊಟೆಸ್ಟಂಟರಲ್ಲಿ ಅನೇಕರು ಇದು ರಕ್ತದ ಹಣವೆಂದೂ, ತಮಗೆ ಸಮ್ಮತವಿಲ್ಲದ ಒಡಂಬಡಿಕೆಗೆ ತಮ್ಮನ್ನು ಒಪ್ಪಿಸುವದಕ್ಕೆ ಕೊಟ್ಟ ಲಂಚವೆಂದೂ ಹೇಳಿ ಕೈಮುಟ್ಟಲೊಲ್ಲದೆ ಹೋದರು.

ಇವರನ್ನು ಹಾಸ್ಯ ಮಾಡಲು ನಮ್ಮಿಂದಾಗದು. ಹೊಟ್ಟೆಗಾಗಿ ಮತ ಬಿಟ್ಟವರು ಎಂಬ ನಿಂದೆಯನ್ನು ನಮ್ಮ ಹಿರಿಯರು ಕೇಳಿದ್ದಾರೆ, ನಾವೂ ಕೇಳಿದ್ದೇವೆ. ಪರರ ಹಣವು ಬಂದಲ್ಲಿ ಮನಸ್ಸನ್ನು ಕೊಂಡುಕೊಂಡರೆಂಬ ಸಂಶಯವೂ ಹಿಂದೆಯೇ ಬರುವದು. ಕೆಲವು ವೇಳೆ ಆ ಸಂಶಯವು ನಿಜವೂ ಆಗಿರುವದು. ಹಣವು ಜನರನ್ನು ಒಂದು ಮೇಜಿಗೆ ಕರತಂದರೆ, ಆ ಮೇಜಿನ ಸುತ್ತಲಿನ ಸ್ನೇಹವು ಸ್ನೇಹವೋ, ಕೂಲಿಯೋ? ಇದೇ ಈ ಪಾಠದ ಪ್ರಶ್ನೆ.

1994ರಲ್ಲಿ ಎರಡು ಪಕ್ಷದ ಆಯುಧಧಾರಿಗಳೂ ಕದನವನ್ನು ನಿಲ್ಲಿಸಿದರು. ಆಗ ಉತ್ತರ ಐರ್ಲಂಡಿನಿಂದ ಯೂರೋಪಿನ ಪಾರ್ಲಿಮೆಂಟಿಗೆ ಚುನಾಯಿತರಾಗಿದ್ದವರು ಮೂವರು. ಒಬ್ಬರು ಪಾದ್ರಿ ಇಯಾನ್ ಪೇಸ್ಲಿ. 1951ರಲ್ಲಿ ತಮ್ಮದೇ ಒಂದು ಪ್ರೆಸ್ಬಿಟೀರಿಯನ್ ಸಭೆಯನ್ನು ಸ್ಥಾಪಿಸಿದವರು. 1988ರಲ್ಲಿ ಪೋಪರು ಅದೇ ಪಾರ್ಲಿಮೆಂಟಿನಲ್ಲಿ ಮಾತಾಡಲು ಬಂದಾಗ ಇವರು ಎದ್ದು ನಿಂತು ಕ್ರಿಸ್ತವಿರೋಧಿಯೆಂದು ಕೂಗಿದ್ದರಿಂದ ಸಭಾಗೃಹದಿಂದ ಹೊರಗೆ ಹಾಕಲ್ಪಟ್ಟರು. ಎರಡನೆಯವರು ಜಾನ್ ಹ್ಯೂಮ್. ಎಳೆಯ ಪ್ರಾಯದಲ್ಲಿ ಕಥೋಲಿಕ ಯಾಜಕರಾಗಬೇಕೆಂದು ಓದಿ ಆಮೇಲೆ ಶಾಲಾಮಾಸ್ತರರಾದವರು. ಮೂರನೆಯವರು ಜಿಮ್ ನಿಕಲ್ಸನ್. ಪ್ರೊಟೆಸ್ಟಂಟರ ಇನ್ನೊಂದು ಪಕ್ಷದವರು. ಸ್ವದೇಶದಲ್ಲಿ ಒಂದೇ ವೇದಿಕೆಯ ಮೇಲೆ ಇವರನ್ನು ಕಾಣುವದು ಅಪರೂಪ. ಆದರೂ ಈ ಮೂವರು ಕೂಡಿ ಯೂರೋಪಿನ ಒಕ್ಕೂಟದ ಮುಖ್ಯಾಧಿಕಾರಿಯಾಗಿದ್ದ ಜಾಕ್ ಡೆಲೋರ್ ಎಂಬವರನ್ನು ಕಂಡು ತಮ್ಮ ನಾಡಿಗೆ ಸಹಾಯವನ್ನು ಕೇಳಿದರು. ಅದರ ಫಲವಾಗಿ 1995ರಲ್ಲಿ ಸಮಾಧಾನದ ಕಾರ್ಯಕ್ರಮವೆಂಬದು ಪ್ರಾರಂಭವಾಯಿತು. ಮೊದಲನೆಯ ಅವಧಿಗೆ ಒಕ್ಕೂಟವು ಸುಮಾರು 50 ಕೋಟಿ ಯೂರೊಗಳಿಗೆ ಸಮನಾದ ಹಣವನ್ನು ಕೊಟ್ಟಿತು.

ಈ ಹಣವನ್ನು ಹಂಚಿದ ಕ್ರಮವನ್ನು ನೋಡಿರಿ. ಉತ್ತರದ 26 ಸ್ಥಳೀಯ ಆಡಳಿತಗಳ ಎಲ್ಲೆಯಲ್ಲಿ ಒಂದೊಂದು ಪಾಲುಗಾರರ ಮಂಡಳಿಯು ನೇಮಿಸಲ್ಪಟ್ಟಿತು. ಅದರಲ್ಲಿ ಮೂರರಲ್ಲೊಂದು ಪಾಲು ಚುನಾಯಿತರಾದ ಕೌನ್ಸಿಲರು. ಮೂರರಲ್ಲೊಂದು ಪಾಲು ಜನರು ತಾವಾಗಿ ಕಟ್ಟಿಕೊಂಡ ಸಂಘಗಳವರು. ಉಳಿದವರು ವರ್ತಕರು, ಕೂಲಿಕಾರರ ಸಂಘದವರು, ಸರಕಾರಿ ಇಲಾಖೆಗಳವರು. ಬೇರೆಲ್ಲಿಯೂ ಜೊತೆಯಲ್ಲಿ ಕೂತುಕೊಳ್ಳದವರು ಇಲ್ಲಿ ಕೂತುಕೊಳ್ಳಬೇಕಾಯಿತು. ಯಾಕಂದರೆ ಇವರು ಕೂಡದಿದ್ದರೆ ಹಣವೂ ಕದಲದು. 1998ರ ಶುಭಶುಕ್ರವಾರದಲ್ಲಿ ಮುಗಿದ ದೊಡ್ಡ ಒಡಂಬಡಿಕೆಯ ಮೇರೆಗೆ, ಗಡಿಯ ಎರಡು ಕಡೆಗೂ ಸೇರಿದ ಒಂದು ಆಡಳಿತ ಮಂಡಳಿಯು 1999ರಲ್ಲಿ ಹುಟ್ಟಿತು. ಅದರ ಕಚೇರಿಗಳು ಉತ್ತರದ ಬೆಲ್ಫಾಸ್ಟ್ ಮತ್ತು ಓಮಾ ಪಟ್ಟಣಗಳಲ್ಲಿಯೂ ದಕ್ಷಿಣದ ಮೊನಹನಿನಲ್ಲಿಯೂ ಉಂಟು.

ಗಡಿಯಾಚೆಯವರೊಂದಿಗೆ ಪಾಲುಗಾರಿಕೆ ಎಂಬದು ಬರೀ ಕಾಗದದ ಮೇಲೆ ಇರಬಾರದೆಂದು ಯೂರೋಪಿನ ನಿಯಮಗಳಲ್ಲಿ ಕಟ್ಟುಮಾಡಿದ್ದಾರೆ. ಎರಡು ಕಡೆಯವರು ಕೆಲಸದ ಯೋಜನೆಯನ್ನು ಒಟ್ಟಾಗಿ ಮಾಡಬೇಕು. ಕೆಲಸವನ್ನು ಒಟ್ಟಾಗಿ ನಡಿಸಬೇಕು. ಇದಲ್ಲದೆ ಕೆಲಸಗಾರರನ್ನಾಗಲಿ ಹಣವನ್ನಾಗಲಿ, ಅಥವಾ ಎರಡನ್ನೂ, ಕೂಡಿ ಒದಗಿಸಬೇಕು. ಪಾಲುಗಾರರಲ್ಲಿ ಒಂದು ಸಂಘವು ಮುಖ್ಯ ಪಾಲುಗಾರನಾಗಿ ರುಜು ಹಾಕಬೇಕು. ಈ ರುಜುವಿನ ಭಾರವು ಬಹಳ. ಗಡಿಯಾಚೆಯ ಸಂಘವು ಹಣವನ್ನು ತಪ್ಪಾಗಿ ವೆಚ್ಚಮಾಡಿದರೆ, ಮೊದಲು ಮುಖ್ಯ ಪಾಲುಗಾರನು ಅದನ್ನು ತುಂಬಿಕೊಟ್ಟು ಆಮೇಲೆ ಆಚೆಯವರಿಂದ ವಸೂಲು ಮಾಡಿಕೊಳ್ಳಬೇಕು. ಅಂದರೆ ನೆರೆಯವನ ಪ್ರಾಮಾಣಿಕತೆಗೆ ನಾವೇ ಹೊಣೆಗಾರರಾಗಿ ನಿಂತ ಹಾಗಾಯಿತು. ಹೊಣೆ ನಿಲ್ಲುವದೆಂದರೇನೆಂದು ಸಾಲಪತ್ರಕ್ಕೆ ಜಾಮೀನು ಹಾಕಿದವರಿಗೆ ವಿವರಿಸಬೇಕಾಗಿಲ್ಲ! ಮಕೆದೋನ್ಯ, ಅಖಾಯಗಳ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಪೌಲನೂ ಅದನ್ನು ಒಬ್ಬನೇ ಒಯ್ಯದೆ, ಸಭೆಗಳು ಆರಿಸಿದ ಸಹೋದರರನ್ನು ಜೊತೆಗಿಟ್ಟುಕೊಂಡನೆಂಬದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಸಣ್ಣ ಸಂಘಗಳ ಕಷ್ಟವನ್ನೂ ಹೇಳಲೇಬೇಕು. ಈ ಹಣವು ಸಾಮಾನ್ಯವಾಗಿ ಮುಂಗಡವಾಗಿ ಬರುವದಿಲ್ಲ. ಮೊದಲು ಕೈಯಿಂದ ವೆಚ್ಚಮಾಡಿ, ರಸೀತಿಗಳನ್ನು ಒಪ್ಪಿಸಿ, ತನಿಖೆಯಾದ ಮೇಲೆ ಪಡೆಯಬೇಕು. ದೊಡ್ಡ ಸಂಸ್ಥೆಗೆ ಇದು ತಾಳಿಕೆಯಾದೀತು. ಊರಿನ ಹೆಂಗಸರ ಸಂಘವೋ ಹುಡುಗರ ಆಟದ ಸಂಘವೋ ಮೊದಲು ಎಲ್ಲಿಂದ ತರಬೇಕು? ಮೇಲಾಗಿ ಗಡಿಯ ಒಂದು ಕಡೆ ಪೌಂಡು, ಇನ್ನೊಂದು ಕಡೆ ಯೂರೊ ನಡೆಯುತ್ತದೆ. ಕಾರ್ಯಕ್ರಮದ ಲೆಕ್ಕವೆಲ್ಲ ಯೂರೊಗಳಲ್ಲಿರುವದರಿಂದ, ಪೌಂಡಿನ ಬೆಲೆ ಇಳಿದರೂ ಏರಿದರೂ ಉತ್ತರದವನ ಲೆಕ್ಕವು ಮಿಸುಕುವದು. 1999ರಲ್ಲಿ ಮೊದಲನೆಯ ಅವಧಿಯು ತೀರಿ ಎರಡನೆಯದರ ಹಣವು ಬರುವದಕ್ಕೆ ತಡವಾದಾಗ, ನಡುವಿನ ಕಾಲಕ್ಕೆಂದು ಬೇರೆ ಹಣವನ್ನು ಹೊಂದಿಸಬೇಕಾಯಿತು. ಈಚೆಗಿನ ನಿಯಮಗಳಲ್ಲಿ ಸ್ವಲ್ಪ ಸುಲಭ ಮಾಡಿದ್ದಾರೆ: ಕೆಲಸಗಾರರ ಸಂಬಳಕ್ಕೆ 100 ವೆಚ್ಚವಾದರೆ ಉಳಿದ ಖರ್ಚುಗಳಿಗೆಂದು 40ರ ವರೆಗೆ, ಒಂದೊಂದು ರಸೀತಿ ಕೇಳದೆ, ಒಟ್ಟಾಗಿ ಕೊಡಬಹುದು. ಇದನ್ನು ಮೊದಲೇ ಮಾಡಬೇಕಾಗಿತ್ತೆಂದು ನಮಗೆ ತೋರುತ್ತದೆ.

ಪ್ರಾರಂಭದ ವರುಷಗಳಲ್ಲಿ ಪ್ರೊಟೆಸ್ಟಂಟರ ಕೇರಿಗಳಿಂದ ಬಂದ ಅರ್ಜಿಗಳು ಕಡಿಮೆ. ಸಂಶಯವೊಂದೇ ಇದಕ್ಕೆ ಕಾರಣವಲ್ಲ. ಸರಕಾರದಿಂದ ತಮಗೇನೂ ದೊರೆಯದೆಂದು ತಿಳಿದ ಕಥೋಲಿಕರು ಬಹುಕಾಲದಿಂದ ತಮ್ಮ ಕೇರಿಗಳಲ್ಲಿ ಸಂಘಗಳನ್ನು ಕಟ್ಟಿ ಅರ್ಜಿ ಬರೆಯುವದನ್ನೂ ಲೆಕ್ಕ ಇಡುವದನ್ನೂ ಕಲಿತಿದ್ದರು. ಪ್ರೊಟೆಸ್ಟಂಟರು ಸರಕಾರವು ತಮ್ಮದೆಂದು ನಂಬಿ ಅಂಥ ಸಂಘಗಳನ್ನು ಅಷ್ಟಾಗಿ ಕಟ್ಟಿರಲಿಲ್ಲ. ಆಮೇಲೆ ಈ ಕೊರತೆಯನ್ನು ಕಂಡು, ಅಂಥ ಕೇರಿಗಳಲ್ಲಿ ಸಂಘಗಳನ್ನು ಬೆಳೆಸುವದಕ್ಕೆಂದೇ ಹಣವನ್ನೂ ಕೆಲಸಗಾರರನ್ನೂ ಒದಗಿಸಬೇಕಾಯಿತು.

ಹಣಕ್ಕಾಗಿಯೇ ಜೊತೆಗಾರನನ್ನು ಹುಡುಕಿ, ಅವಧಿ ತೀರಿದೊಡನೆ ಅವನನ್ನು ಮರೆತ ಸಂಘಗಳು ಇಲ್ಲದಿರಲಿಲ್ಲ. ಇದನ್ನು ಮರೆಮಾಡುವದು ಸರಿಯಲ್ಲ. ಆದರೆ ಕೂಲಿಗಾಗಿ ಬಂದವರೆಲ್ಲರೂ ಕೂಲಿಯವರಾಗಿಯೇ ಉಳಿದರೆಂದು ಹೇಳುವದಕ್ಕೂ ನಮಗೆ ಧೈರ್ಯವಿಲ್ಲ. ಒಂದೇ ಲೆಕ್ಕದ ಪುಸ್ತಕವನ್ನು ಮೂರು ವರುಷ ಕೂಡಿ ಬರೆದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲು ಕಲಿಯುತ್ತಾರೆ. ಬ್ರಿಟನ್ 2020ರಲ್ಲಿ ಒಕ್ಕೂಟವನ್ನು ಬಿಟ್ಟುಹೋದಾಗ ಇದೆಲ್ಲಾ ನಿಂತುಹೋಗುವದೆಂಬ ಭಯವಿತ್ತು; ಹಾಗಾಗಲಿಲ್ಲ. 2021ರಿಂದ 2027ರ ವರೆಗಿನ ಅವಧಿಗೆ ಒಕ್ಕೂಟವೂ ಎರಡು ಸರಕಾರಗಳೂ ಉತ್ತರದ ಆಡಳಿತವೂ ಕೂಡಿ 110 ಕೋಟಿಗೂ ಮಿಕ್ಕಿದ ಯೂರೊಗಳನ್ನು ನೇಮಿಸಿದವು.

ಉತ್ತರದ ಫರ್ಮಾನಾ ಜಿಲ್ಲೆಗೂ ದಕ್ಷಿಣದ ಕ್ಯಾವನ್ ಜಿಲ್ಲೆಗೂ ನಡುವೆ ಒಂದು ಸಣ್ಣ ಹೊಳೆ ಹರಿಯುವದು. ಅದರ ಮೇಲಿನ ಆಹಲೇನ್ ಸೇತುವೆಯು 1972ರಲ್ಲಿ ಸಿಡಿಮದ್ದಿನಿಂದ ಒಡೆಯಲ್ಪಟ್ಟಿತು. 27 ವರುಷ ಆ ದಾರಿ ಮುಚ್ಚಿಯೇ ಇತ್ತು. 1999ರಲ್ಲಿ ಯೂರೋಪಿನ ಸಹಾಯದ್ರವ್ಯದಿಂದ ಅಲ್ಲಿ ಹೊಸ ಸೇತುವೆಯನ್ನು ಕಟ್ಟಿ, ಸಂಧಾನದ ಕೂಟಕ್ಕೆ ಅಧ್ಯಕ್ಷರಾಗಿದ್ದ ಅಮೇರಿಕದ ಜಾರ್ಜ್ ಮಿಚೆಲ್ ಎಂಬವರ ಹೆಸರನ್ನು ಅದಕ್ಕೆ ಇಟ್ಟರು. ಅಲ್ಲಿ ಕಾವಲುಗಾರನಿಲ್ಲ, ಅಡ್ಡಗಂಬವಿಲ್ಲ. ವೇಗದ ಮಿತಿಯನ್ನು ಉತ್ತರದಲ್ಲಿ ಮೈಲುಗಳ ಲೆಕ್ಕದಲ್ಲಿಯೂ ದಕ್ಷಿಣದಲ್ಲಿ ಕಿಲೋಮೀಟರುಗಳ ಲೆಕ್ಕದಲ್ಲಿಯೂ ಬರೆದಿರುವದರಿಂದ ಮಾತ್ರ ದಾರಿಹೋಕನಿಗೆ ತಾನು ಗಡಿ ದಾಟಿದ್ದು ತಿಳಿಯುತ್ತದೆ.