ಗುಂಡಿ ಒತ್ತುವ ಮೊದಲು: ಬೀಮ್ ವಿನ್ಯಾಸದ ಎರಡು ಪಾಠಗಳ ಅವಲೋಕನ

ಗಣಿತ ಮತ್ತು ಭೌತಶಾಸ್ತ್ರ ನನ್ನ ಬೋಧನಾ ವಿಷಯಗಳು. ಪ್ರಾಯೋಗಿಕ ಬೋಧನೆಯ ಅವಧಿಯಲ್ಲಿ ಪ್ರೌಢಶಾಲೆಯ ಪಾಠಗಳ ಜೊತೆಗೆ, ನಮ್ಮ ಆವರಣದಲ್ಲೇ ಇರುವ ಪಾಲಿಟೆಕ್ನಿಕ್‌ನ ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎರಡು ಪಾಠ ಮಾಡುವ ಅವಕಾಶ ಸಿಕ್ಕಿತು. ಮೊದಲ ಪಾಠದಲ್ಲಿ ನಾನು ಮಾಡಿದ ತಪ್ಪು ಮತ್ತು ಅದನ್ನು ತಿದ್ದಿಕೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠ

ಸಮಸ್ಯೆ ಸರಳವಾಗಿತ್ತು. ಎರಡು ಇಟ್ಟಿಗೆ ಗೋಡೆಗಳ ಮೇಲೆ ಕೂತ 4 ಮೀಟರ್ ಉದ್ದದ ಬೀಮ್. ಅದರ ಮೇಲೆ ಮೀಟರಿಗೆ 10 ಕಿಲೋನ್ಯೂಟನ್‌ನಂತೆ ಸಮನಾಗಿ ಹರಡಿದ ಹೊರೆ. ಕಂಪ್ಯೂಟರಿನಲ್ಲಿ ಮಾದರಿ ರಚಿಸಿ ಬೆಂಡಿಂಗ್ ಮೊಮೆಂಟ್ ಕಂಡುಹಿಡಿಯುವುದು ಪಾಠದ ಉದ್ದೇಶ. ಸಮಯ ಉಳಿಯಲೆಂದು ಮಾದರಿಯ ಕಡತವನ್ನು ಹಿಂದಿನ ರಾತ್ರಿಯೇ ಸಿದ್ಧಪಡಿಸಿದ್ದೆ.

ಪರದೆಯ ಮೇಲೆ ಉತ್ತರ ಬಂತು: ನಡುವೆ 6.67, ತುದಿಗಳಲ್ಲಿ 13.33 ಕಿಲೋನ್ಯೂಟನ್ ಮೀಟರ್. ಎಲ್ಲರೂ ಬರೆದುಕೊಂಡರು. ಒಬ್ಬ ಹುಡುಗ ಮಾತ್ರ ಕೈ ಎತ್ತಿದ. ಅವನ ತಂದೆ ಗಾರೆ ಮೇಸ್ತ್ರಿ ಎಂದು ಆಮೇಲೆ ತಿಳಿಯಿತು. "ಮೇಡಂ, ಬೀಮು ಗೋಡೆ ಮೇಲೆ ಸುಮ್ನೆ ಕೂತಿದೆ ಅಲ್ವಾ? ಹಂಗಿದ್ರೆ ಮಧ್ಯಕ್ಕಿಂತ ತುದೀಲಿ ಯಾಕೆ ಜಾಸ್ತಿ ಕಂಬಿ ಬೇಕು?" ಎಂದು ಕೇಳಿದ.

"ಕಂಪ್ಯೂಟರ್ ಹಾಗೆ ತೋರಿಸ್ತಿದೆಯಲ್ಲ, ಹಾಗೇ ಇರಬೇಕು" ಎಂದು ನಾನು ಪಾಠ ಮುಂದುವರಿಸಿದೆ. ಅವನು ಕೂತ.

ಪಾಠ ಮುಗಿದ ಮೇಲೆ, ಹಿಂದಿನ ಬೆಂಚಿನಲ್ಲಿದ್ದ ಸಿವಿಲ್ ಉಪನ್ಯಾಸಕರು ಹಾಳೆಯ ಮೇಲೆ ಒಂದೇ ಸಾಲು ಬರೆದು ಕೊಟ್ಟರು: ಹೊರೆಯನ್ನು ಉದ್ದದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿ ನೋಡಿ. 10 × 16 ÷ 8 = 20. ನಾನು ಆಧಾರಗಳನ್ನು ಬಿಗಿ ಆಧಾರವೆಂದು ಗುರುತಿಸಿದ್ದೆ. ಸಮಸ್ಯೆಯಲ್ಲಿದ್ದದ್ದು ಸರಳ ಆಧಾರ. ಕಂಪ್ಯೂಟರಿನ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದು ಬೇರೊಂದು ಬೀಮಿನ ಲೆಕ್ಕ. ನಮ್ಮ ಬೀಮಿನ ನಡುವೆ ಇರಬೇಕಾದ ಮೊಮೆಂಟಿನ ಮೂರನೇ ಒಂದು ಪಾಲಿಗಷ್ಟೇ ಕಂಬಿ ಬೀಳುತ್ತಿತ್ತು. ಸುರಕ್ಷತೆಗೆಂದು ಹೊರೆಯನ್ನು ಒಂದೂವರೆ ಪಟ್ಟು ಹೆಚ್ಚಿಸಿಕೊಂಡರೂ ಈ ಕೊರತೆ ತುಂಬುವುದಿಲ್ಲ.

ಈ ಹುಡುಗರು ಇನ್ನೊಂದೆರಡು ವರ್ಷಗಳಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುವವರು. ಸರಿಯಾದ ಅನುಮಾನ ಬಂದವನನ್ನೇ ನಾನು ಸುಮ್ಮನಾಗಿಸಿದ್ದೆ.

ಎರಡನೇ ಪಾಠ

ಮರುದಿನ ಮೊದಲು ತಪ್ಪೊಪ್ಪಿಕೊಂಡೆ. ನಂತರ ಉದ್ದನೆಯ ಪ್ಲಾಸ್ಟಿಕ್ ಸ್ಕೇಲನ್ನು ಎರಡು ಪುಸ್ತಕಗಳ ಮೇಲಿಟ್ಟು, ನಡುವೆ ಚಿಕ್ಕ ತೂಕ ತೂಗುಹಾಕಿದೆ. ಇಬ್ಬರು ವಿದ್ಯಾರ್ಥಿಗಳು ತುದಿಗಳನ್ನು ಬಲವಾಗಿ ಅದುಮಿ ಹಿಡಿದಾಗ ಬಾಗು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ತುದಿಗಳು ಪೂರ್ತಿ ಬಿಗಿಯಾಗಿದ್ದರೆ ನಡುವಿನ ತೂಕಕ್ಕೆ ಬಾಗು ನಾಲ್ಕನೇ ಒಂದಕ್ಕೆ ಇಳಿಯಬೇಕು; ಕೈಹಿಡಿತದಲ್ಲಿ ಅಷ್ಟು ಇಳಿಯಲಿಲ್ಲ. ಏಕೆ ಎಂಬ ಚರ್ಚೆಯೇ ಆಧಾರದ ಅರ್ಥವನ್ನು ತಿಳಿಸಿತು. ಮೇಲೆ ಗೋಡೆ ಕಟ್ಟಿದಾಗ ತುದಿಗೆ ಸ್ವಲ್ಪ ಹಿಡಿತ ಸಿಗುತ್ತದೆ, ಅದಕ್ಕೆಂದೇ ಅಲ್ಲಿ ಮೇಲ್ಗಡೆಯೂ ಸ್ವಲ್ಪ ಕಂಬಿ ಇಡುತ್ತಾರೆ, ಆದರೆ ಆ ಹಿಡಿತವನ್ನು ನಂಬಿ ನಡುವಿನ ಕಂಬಿ ಕಡಿಮೆ ಮಾಡುವುದಿಲ್ಲ ಎಂದು ಉಪನ್ಯಾಸಕರು ಸೇರಿಸಿದರು.

ಮುಂದಿನ ಪ್ರಶ್ನೆ: ತಪ್ಪನ್ನು ಹಿಡಿಯುವುದು ಹೇಗೆ? ಆಧಾರಗಳ ಪ್ರತಿಕ್ರಿಯೆಗಳನ್ನು ಕೂಡಿದರೆ ಒಟ್ಟು ಹೊರೆ 40 ಕಿಲೋನ್ಯೂಟನ್ ಬರಬೇಕು ಎಂದರು ಕೆಲವರು. ನೋಡಿದೆವು: ಎರಡು ಮಾದರಿಗಳಲ್ಲೂ 20 ಮತ್ತು 20. ಈ ತಾಳೆ ಅಗತ್ಯ, ಆದರೆ ಸಾಲದು. ಮೊಮೆಂಟ್ ಚಿತ್ರದ ಆಕಾರ ನೋಡಿದಾಗ ಗುಟ್ಟು ತಿಳಿಯಿತು. ಸರಳ ಆಧಾರದಲ್ಲಿ ಮೊಮೆಂಟ್ ಸೊನ್ನೆಯಾಗಿರಬೇಕು.

ದೊಡ್ಡ ಯೋಜನೆಗಳಲ್ಲೂ ಮಾದರಿಯ ತಪ್ಪು ನಡೆದಿದೆ ಎನ್ನಲು ನಾರ್ವೆಯ ಸ್ಲೀಪ್ನರ್-ಎ ಕಡಲ ವೇದಿಕೆಯ ಉದಾಹರಣೆ ಕೊಟ್ಟೆ. 1991ರ ಆಗಸ್ಟ್ 23ರಂದು ಅದರ ಕಾಂಕ್ರೀಟ್ ತಳವನ್ನು ನೀರಿಗಿಳಿಸುತ್ತಿದ್ದಾಗ, ಸುಮಾರು 65 ಮೀಟರ್ ಆಳದಲ್ಲಿ ಗೋಡೆಯೊಂದು ಬಿರಿದು, ಇಡೀ ತಳ ಮುಳುಗಿತು. ಕಂಪ್ಯೂಟರ್ ಮಾದರಿಯ ದೋಷದಿಂದ ಆ ಭಾಗದ ಶಿಯರ್ ಒತ್ತಡವನ್ನು ಶೇ. 47ರಷ್ಟು ಕಡಿಮೆ ಅಂದಾಜಿಸಲಾಗಿತ್ತು. ಕಂಬಿಯ ಜೋಡಣೆಯೂ ಸಾಲದಾಗಿತ್ತು. ಆನಂತರ ಎಚ್ಚರದಿಂದ ಮಾಡಿದ ಲೆಕ್ಕ 62 ಮೀಟರಿನಲ್ಲಿ ಗೋಡೆ ಸೋಲುತ್ತದೆಂದು ತೋರಿಸಿತು.

ಮೌಲ್ಯಮಾಪನ

ಮೂರು ಅಂಕಣದ ಹಾಳೆ ಕೊಟ್ಟೆ: ನನ್ನ ಅಂದಾಜು, ಕಂಪ್ಯೂಟರಿನ ಉತ್ತರ, ವ್ಯತ್ಯಾಸಕ್ಕೆ ಕಾರಣ. ಮೊದಲ ಅಂಕಣ ತುಂಬುವವರೆಗೆ ಕಂಪ್ಯೂಟರ್ ಮುಟ್ಟುವಂತಿಲ್ಲ. ಪ್ರಶ್ನೆ, ಗೋಡೆಯಿಂದ 1 ಮೀಟರ್ ಹೊರಚಾಚಿದ ಸಜ್ಜಾ; ಮೀಟರಿಗೆ 3 ಕಿಲೋನ್ಯೂಟನ್ ಹೊರೆ. ಈ ಬಾರಿ ಕಡತದಲ್ಲಿ ಬೇಕೆಂದೇ ಹೊರತುದಿಗೂ ಒಂದು ಆಧಾರ ಕೊಟ್ಟು, ಎರಡು ತುದಿಯನ್ನೂ ಸರಳ ಆಧಾರವಾಗಿಸಿದ್ದೆ. ಕೈಲೆಕ್ಕದಲ್ಲಿ 1.5 ಬಂದರೆ ಪರದೆಯಲ್ಲಿ 0.375 ಬಂತು. ಹೆಚ್ಚಿನವರು ತಪ್ಪು ಹಿಡಿದರು. ಮೇಸ್ತ್ರಿಯ ಮಗ ಲೆಕ್ಕಕ್ಕೂ ಮೊದಲೇ, "ಸಜ್ಜಾಗೆ ಕಂಬಿ ಮೇಲ್ಗಡೆ ಬರಬೇಕು, ಇದು ಕೆಳಗಡೆ ತೋರಿಸ್ತಿದೆ" ಎಂದ. ಆದರೆ ಮೂವರು ತಮ್ಮ ಸರಿ ಅಂದಾಜನ್ನು ಹೊಡೆದುಹಾಕಿ 0.375 ಎಂದೇ ಬರೆದಿದ್ದರು. ಒಬ್ಬರು ಕಾರಣದ ಅಂಕಣದಲ್ಲಿ "ನನ್ನ ಲೆಕ್ಕ ತಪ್ಪಿರಬೇಕು" ಎಂದಿದ್ದರು. ಮೊದಲ ದಿನ ನಾನು ಕಲಿಸಿದ್ದೂ ಅದನ್ನೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಎರಡು. ಸಿದ್ಧ ಕಡತ ಒಯ್ಯುವ ಮೊದಲು ಅದನ್ನು ಕೈಲೆಕ್ಕದಿಂದ ಪರೀಕ್ಷಿಸಿ. ವಿದ್ಯಾರ್ಥಿ "ಯಾಕೆ" ಎಂದಾಗ ಪರದೆಯನ್ನು ತೋರಿಸಬೇಡಿ. ಸೀಮೆಸುಣ್ಣ ಅವರ ಕೈಗೆ ಕೊಡಿ.